ಜಲಜಕ್ಕನ ಸೀರೆ ಮತ್ತು ಫ್ಯಾನಿನ ರೆಗ್ಯುಲೇಟರ್

ಬೈಗುಳವನ್ನು ಹೇಗಾದರೂ ನುಂಗಿಕೊಳ್ಳಬಹುದು. ಯೋಗ್ಯತೆ ಇಲ್ಲದೆ ಸಿಕ್ಕ ಹೊಗಳಿಕೆ ಮಾತ್ರ ಗಂಟಲಲ್ಲೇ ನಿಂತುಬಿಡುತ್ತದೆ. ಕಳೆದ ತಿಂಗಳು ಬ್ರಹ್ಮಾವರದಲ್ಲಿ ಶಿಕ್ಷಕರ ನಾಟಕ ಶಿಬಿರ ನಡೆಯಿತು. ಕಡಿಮೆ ಖರ್ಚಿನಲ್ಲಿ ವೇಷಭೂಷಣ ಮತ್ತು ಬೆಳಕು ಮಾಡುವುದು ಹೇಗೆಂದು ಹೇಳಲು ನನ್ನನ್ನು ಕರೆದಿದ್ದರು. ಶಾಲು ಹೊದಿಸಿದ ಮಹನೀಯರು ಮೈಕಿನಲ್ಲಿ, ‘ರಂಗದ ಮೇಲೆ ಕತ್ತಲೆಯನ್ನು ಇಷ್ಟು ಅರ್ಥಪೂರ್ಣವಾಗಿ ಬಳಸಿದ ಮೇಷ್ಟ್ರು ನಮ್ಮ ಕಡೆ ಇನ್ನೊಬ್ಬರಿಲ್ಲ’ ಎಂದರು. ಶಾಲಿನೊಳಗೆ ನಾನು ಬೆವರಿ ನೀರಾದೆ. ಆ ಕತ್ತಲೆ ಎಲ್ಲಿಂದ ಬಂತು ಎಂದು ಅಲ್ಲಿ ಹೇಳುವ ಧೈರ್ಯ ಬರಲಿಲ್ಲ. ಇಲ್ಲಿ ಹೇಳಿಬಿಡುತ್ತೇನೆ.

ನಾನು ತಲ್ಲೂರಿನ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ವರ್ಷಕ್ಕೊಂದು ನಾಟಕ ಆಡಿಸುವ ಚಟ ಇದೆ. ನಮ್ಮ ಊರಲ್ಲಿ ನಾಟಕ ಆಡಿಸುವುದು ಸುಲಭವಲ್ಲ, ಏಕೆಂದರೆ ಪ್ರೇಕ್ಷಕರೆಲ್ಲ ತೊಟ್ಟಿಲಲ್ಲಿದ್ದಾಗಿನಿಂದ ಯಕ್ಷಗಾನ ಕಂಡವರು. ಒಂದು ವರ್ಷ ರಟ್ಟಿಗೆ ಬಂಗಾರದ ಬಣ್ಣದ ಕಾಗದ ಅಂಟಿಸಿ ರಾಜನಿಗೆ ಕಿರೀಟ ಮಾಡಿದ್ದೆ. ಮುಂದಿನ ಸಾಲಿನ ಅಜ್ಜರೊಬ್ಬರು ಪಕ್ಕದವರಿಗೆ, ‘ಅದ್ ಕಿರೀಟ ಅಲ್ದಾ, ನಾನ್ ಕೇಕಿನ್ ಡಬ್ಬಿ ಅಂದ್ಕಂಡೆ’ ಎಂದದ್ದು ರಾಜನಿಗೂ ಕೇಳಿತ್ತು. ಪಾಪ, ಅವನು ಆಮೇಲೆ ತಲೆ ಎತ್ತಿ ಮಾತಾಡಲಿಲ್ಲ. ಬೆಳಕಿನ ವಿಷಯದಲ್ಲಿ ನನ್ನ ಸಾಧನೆ ಸ್ವಲ್ಪ ವಾಸಿ. ಬಿಸ್ಕತ್ತಿನ ಡಬ್ಬಿಗಳಲ್ಲಿ ಬಲ್ಬು ಕೂರಿಸಿ, ಕೆಟ್ಟ ಫ್ಯಾನಿನ ಹಳೆಯ ರೆಗ್ಯುಲೇಟರಿಗೆ ಜೋಡಿಸಿದ್ದೇನೆ. ಐದಕ್ಕೆ ತಿರುಗಿಸಿದರೆ ಮಧ್ಯಾಹ್ನ, ಮೂರಕ್ಕೆ ಸಂಜೆ, ಒಂದಕ್ಕೆ ತಿರುಗಿಸಿದರೆ ಪಾತ್ರಧಾರಿಗಳು ಒಬ್ಬರಿಗೊಬ್ಬರು ಢಿಕ್ಕಿ ಹೊಡೆಯುತ್ತಾರೆ.

ಈ ಸಲದ ನಾಟಕದಲ್ಲಿ ಒಬ್ಬಳು ರಾಣಿ, ಒಬ್ಬಳು ಭಿಕ್ಷುಕಿ. ಎರಡು ಸೀರೆ ಬೇಕೆಂದು ಸ್ಟಾಫ್ ರೂಮಿನಲ್ಲಿ ಹೇಳಿದೆ. ಮರುದಿನವೇ ಮೇಜಿನ ಮೇಲೆ ಎರಡು ಕಟ್ಟು ಬಂದು ಕೂತಿದ್ದವು. ಒಂದು ಹೆಡ್‌ಮಿಸ್ಸಿನದ್ದು, ಜವಳಿ ಅಂಗಡಿಯ ಚೀಲದಲ್ಲಿ. ಇನ್ನೊಂದು ಬಿಸಿಯೂಟದ ಅಡುಗೆ ಮಾಡುವ ಜಲಜಕ್ಕನದ್ದು, ಪೇಪರಿನಲ್ಲಿ ಸುತ್ತಿ ಬಾಳೆನಾರಿನಿಂದ ಕಟ್ಟಿದ್ದು. ಯಾವುದು ಯಾರಿಗೆ ಎಂದು ನಾನು ಕೇಳಲಿಲ್ಲ. ಕೇಳುವುದೇನಿದೆ, ಗೊತ್ತೇ ಇದೆಯಲ್ಲ ಎಂದುಕೊಂಡೆ.

ಪೇಪರ್ ಕಟ್ಟು ಬಿಚ್ಚಿದಾಗ ಹುಣಸೆಬೀಜದ ಬಣ್ಣದ ಮೆತ್ತನೆಯ ಸೀರೆ, ಮಡಿಕೆಯ ನಡುವೆ ಎರಡು ನುಸಿಗುಳಿಗೆ. ಹಳೆ ಸೀರೆಗೆ ನುಸಿಗುಳಿಗೆ ಏಕೆ ಹಾಳು ಮಾಡುತ್ತಾರೋ ಎಂದು ನಗು ಬಂತು. ಬಟ್ಟೆಯನ್ನು ಹಳತು ಮಾಡುವುದರಲ್ಲಿ ನನ್ನದು ಪಳಗಿದ ಕೈ. ಚಾ ಡಿಕಾಕ್ಷನ್ನಿನಲ್ಲಿ ಅದ್ದಿದೆ, ಇದ್ದಿಲು ತಿಕ್ಕಿದೆ, ಸೆರಗನ್ನು ಕಾಯಿ ತುರಿಯುವ ಹೆರೆಮಣೆಯ ಹಲ್ಲಿಗೆ ಸಿಕ್ಕಿಸಿ ಎಳೆದೆ. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು, ‘ಹ್ವಾಯ್, ಇದ್ ಉಟ್ಟ್ ಹಳತಾದ್ ಸೀರಿ ಅಲ್ಲ ಕಾಣಿ. ಕೊಟ್ಟರ್ ಹತ್ರ ಒಂದ್ ಮಾತ್ ಕೇಂಡ್ರ್ಯಾ?’ ಎಂದಳು. ‘ನಿಂಗೆ ನಾಟ್ಕದ್ದ್ ಎಂತ ಗೊತ್ತಿತ್ತ್?’ ಎಂದು ಇನ್ನೊಂದು ಸಲ ಎಳೆದೆ. ಸೀರೆ ಚರ್ರೆಂದಿತು. ಕಲಾವಿದನಿಗೆ ಸಿಗುವ ಆನಂದ ಏನೆಂದು ನನಗೆ ಆ ಹೊತ್ತು ತಿಳಿಯಿತು.

ಸ್ಪರ್ಧೆ ಕುಂದಾಪುರದಲ್ಲಿ, ಮಧ್ಯಾಹ್ನದ ಹೊತ್ತು, ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಕಟ್ಟಿದ ಸಭಾಭವನದಲ್ಲಿ. ನಾಟಕಕ್ಕೆ ಐದು ನಿಮಿಷ ಇದೆ ಎನ್ನುವಾಗ ಜಲಜಕ್ಕ ಪರದೆಯ ಹಿಂದೆ ಬಂದರು. ಜೊತೆಗೆ ಅವರ ತಂಗಿ. ಇಬ್ಬರ ತಲೆಯಲ್ಲೂ ಅಬ್ಬಲಿಗೆ ಹೂವು.

‘ಮಾಷ್ಟ್ರೆ, ನನ್ ಸೀರಿ ರಾಣಿಗೆ ಸಮಾ ಆಯ್ತಾ? ಅಣ್ಣ ಬೊಂಬಾಯಿ ಹೋಟ್ಲಂಗ್ ಇಪ್ಪ ಹೊತ್ತಿಗೆ ತಂದ್ಕೊಟ್ಟದ್. ಎರಡೇ ಸಲ ಉಟ್ಟದ್ದ್ ನಾನ್. ಬಪ್ಪ ವಾರ ಹಾಲಾಡ್ಯಂಗೆ ತಂಗಿ ಮಗಳ್ ನಿಶ್ಚಯ ಇತ್ತಲೆ, ಅದ್ಕೇ ಉಡುಕಂದೇಳಿ ಇಟ್ಕಂಡದ್. ಮಕ್ಳ ರಾಣಿ ಒಂದ್ಸಲ ಉಡ್ಲಿ ಅಂದೇಳಿ ತಂದೆ.’

ನನ್ನ ಹಿಂದೆ ಹೆಡ್‌ಮಿಸ್ಸಿನ ಮಿಣಮಿಣ ಸೀರೆಯಲ್ಲಿ ರಾಣಿ ಮುಖಕ್ಕೆ ಪೌಡರು ಬಳಿದುಕೊಳ್ಳುತ್ತಿದ್ದಳು. ಮೂಲೆಯಲ್ಲಿ ಭಿಕ್ಷುಕಿ ನನ್ನ ಕೈಕೆಲಸವನ್ನು ಸುತ್ತಿಕೊಂಡು ಕೂತಿದ್ದಳು. ನಾನು ಇಬ್ಬರಿಗೂ ಅಡ್ಡ ನಿಂತು, ‘ಹೋಯ್ನಿ ಅಕ್ಕ, ಎದ್ರಂಗ್ ಕೂಕಂಡ್ ಕಾಣಿ’ ಎಂದೆ. ನಿಜ ಹೇಳಲು ಅದೇ ಸಮಯವಾಗಿತ್ತು. ನನ್ನ ಬಾಯಿಂದ ಬಂದದ್ದು ಇಷ್ಟೇ.

ಪರದೆ ಎದ್ದಿತು. ಭಿಕ್ಷುಕಿ ಬರುವ ಹೊತ್ತಿಗೆ ನನ್ನ ಕೈ ತಾನಾಗಿ ರೆಗ್ಯುಲೇಟರನ್ನು ಒಂದಕ್ಕೆ ತಿರುಗಿಸಿತು. ಅದೂ ಸಾಲದೆ ಮುಂದಿನ ಎರಡು ಡಬ್ಬಿಗಳ ವಯರನ್ನೇ ಕಿತ್ತೆ. ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ಆ ಹುಡುಗಿ ಇಡೀ ದೃಶ್ಯವನ್ನು ಕತ್ತಲೆಯಲ್ಲೇ ಅತ್ತಳು. ರಾಣಿ ಸಿಂಹಾಸನಕ್ಕೆ, ಎಂದರೆ ಟೇಬಲ್ ಕ್ಲಾತ್ ಹೊದಿಸಿದ ಪ್ಲಾಸ್ಟಿಕ್ ಕುರ್ಚಿಗೆ, ಕಾಲು ತಾಗಿಸಿಕೊಂಡು ‘ಅಯ್ಯಬ್ಬಾ’ ಎಂದಳು. ತೀರ್ಪುಗಾರರು ಕೊನೆಯಲ್ಲಿ ಎದ್ದು, ಬಡತನ ಸಮಾಜಕ್ಕೆ ಕಾಣಿಸುವುದೇ ಇಲ್ಲ ಎಂಬುದನ್ನು ನಿರ್ದೇಶಕರು ಕತ್ತಲೆಯ ಮೂಲಕ ಹೇಳಿದ್ದಾರೆ, ರಾಣಿಯ ನೋವಿನ ಉದ್ಗಾರವೂ ಮಾರ್ಮಿಕವಾಗಿದೆ ಎಂದು ವಿವರಿಸಿ, ಬೆಳಕಿನ ವಿನ್ಯಾಸಕ್ಕೆ ಮೊದಲ ಬಹುಮಾನ ಕೊಟ್ಟರು. ಎದುರು ಸಾಲಿನಲ್ಲಿ ಜಲಜಕ್ಕ ಚಪ್ಪಾಳೆ ತಟ್ಟಲಿಲ್ಲ.

ಮರುದಿನ ಬೆಳಿಗ್ಗೆ ಅಡುಗೆ ಕೋಣೆಗೆ ಹೋಗಿ ನಿಂತೆ. ತಪ್ಪೊಪ್ಪಿಗೆಯನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ, ಒಂದು ಸಾಲೂ ನೆನಪಾಗಲಿಲ್ಲ. ಜಲಜಕ್ಕ ಅಕ್ಕಿ ತೊಳೆಯುತ್ತಲೇ, ‘ನನ್ ಸೀರಿ ನಂಗೆ ಕತ್ಲಿಯಂಗೂ ಗುರ್ತ್ ಸಿಕ್ಕತ್ತ್ ಮಾಷ್ಟ್ರೆ’ ಎಂದರು. ತೊಳೆದ ನೀರು ಚೆಲ್ಲಿ, ‘ಒಂದ್ ಮಾತ್ ಕೇಂಬುದಲ್ದಾ?’ ಎಂದರು. ಅಷ್ಟೇ. ನಾನು ಸೀರೆಯನ್ನು ನೋಡಿರಲೇ ಇಲ್ಲ, ಕೊಟ್ಟವರನ್ನು ನೋಡಿ ಯಾರಿಗೆಂದು ತೀರ್ಮಾನ ಮಾಡಿದ್ದೆ. ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಸಮಾನತೆಯ ಪಾಠ ಮಾಡುವ ಮನುಷ್ಯ ನಾನು.

ಆ ಸಂಜೆ ಹೆಂಡತಿಯನ್ನು ಕರೆದುಕೊಂಡು ಹೋಗಿ, ಅಂಗಡಿಯವನನ್ನು ಗೋಳು ಹೊಯ್ದುಕೊಂಡು, ಜರಿಯಂಚಿನ ಹೊಸ ಸೀರೆ ತಂದು ನಿಶ್ಚಯಕ್ಕೆ ಮುಂಚೆಯೇ ಕೊಟ್ಟೆ. ಜಲಜಕ್ಕ ಮಡಿಕೆ ಬಿಚ್ಚಿ, ಅಂಚನ್ನು ಬೆರಳಲ್ಲಿ ಮುಟ್ಟಿ ನೋಡಿ, ಹಾಗೆಯೇ ಮಡಚಿ ನನ್ನ ಕೈಗೆ ಕೊಟ್ಟರು. ‘ಚಂದ ಇತ್ತ್. ಬಪ್ಪ ವರ್ಷದ್ ನಾಟ್ಕಕ್ಕೆ ಇಟ್ಕಣಿ. ಭಿಕ್ಷುಕಿಗೆ ಆತ್ತ್.’

ನಿಶ್ಚಯಕ್ಕೆ ಅವರು ಏನು ಉಟ್ಟರೋ, ಕೇಳುವ ಮುಖ ನನಗಿರಲಿಲ್ಲ. ಹರಿದ ಸೀರೆಯನ್ನು ಮಾತ್ರ ವಾಪಸು ತೆಗೆದುಕೊಂಡು, ಹೊಲಿದು, ತೊಳೆದು, ಈಗ ಅಡುಗೆಗೆ ಉಟ್ಟುಕೊಂಡು ಬರುತ್ತಾರೆ. ಚಾದ ಕಲೆ ಹೋಗಿಲ್ಲ. ನನ್ನ ಕೆಲಸ ಅಷ್ಟು ಗಟ್ಟಿ. ಮಧ್ಯಾಹ್ನದ ಊಟಕ್ಕೆ ತಟ್ಟೆ ಹಿಡಿದು ನಾನೂ ಸಾಲಿನಲ್ಲಿ ನಿಲ್ಲುತ್ತೇನೆ. ಅಡುಗೆ ಕೋಣೆಯ ಬಾಗಿಲಿನಿಂದ ಬಿಸಿಲು ನೇರ ಆ ಸೆರಗಿನ ಮೇಲೆಯೇ ಬೀಳುತ್ತದೆ, ಒಂದೊಂದು ಹೊಲಿಗೆಯೂ ಕಾಣುವ ಹಾಗೆ. ಆ ಬೆಳಕಿಗೆ ನನ್ನ ರೆಗ್ಯುಲೇಟರ್ ನಡೆಯುವುದಿಲ್ಲ. ಜಲಜಕ್ಕ ಸೌಟು ಎತ್ತಿ, ‘ಸಾರ್ ಸಾಕಾ ಮಾಷ್ಟ್ರೆ?’ ಎಂದು ಕೇಳುತ್ತಾರೆ. ಅವರು ಯಾರಿಗೇ ಬಡಿಸಲಿ, ಕೇಳಿಯೇ ಬಡಿಸುತ್ತಾರೆ.