ಗುವಾಂಗ್‌ಝೌಗೆ ಯಾವ ದಾರಿ?

ಒಮಾನಿನ ಅಲ್ ಖುವೈರ್‌ನ ವಿಮಾನ ಟಿಕೆಟ್ ಆಫೀಸಿನಲ್ಲಿ ಕೂತ ನನ್ನಂಥವನಿಗೆ ಬಿ.ಪಿ. ಏರಲು ಉಪ್ಪು ತಿನ್ನಬೇಕಾಗಿಲ್ಲ, ಗಿರಾಕಿ ಬಂದರೆ ಸಾಕು. ಈ ಸಲ ಬಂದವರು ಇಲ್ಲಿನ ಇಬ್ರಿ ಊರಿನಲ್ಲಿ ಚಪ್ಪಲಿ ಅಂಗಡಿ ಇಟ್ಟಿರುವ, ನಮ್ಮ ಮಂಗಳೂರು ಕಡೆಯ ಹಾಜಿಯವರು. ಚೀನಾದ ಗುವಾಂಗ್‌ಝೌನಿಂದ ಅವರಿಗೆ ಒಂದು ಕಂಟೇನರ್ ಚಪ್ಪಲಿ ಬಂದಿತ್ತು. ಅಷ್ಟೂ ಎಡಗಾಲಿನವು. ಖುದ್ದಾಗಿ ಹೋಗಿ ಬಲಗಾಲಿನವನ್ನು ವಿಮಾನಕ್ಕೆ ಹಾಕಿಸದಿದ್ದರೆ ಈದ್ ವ್ಯಾಪಾರ ಮಣ್ಣುಪಾಲು. ವೀಸಾ ಆಗಿತ್ತು, ಟಿಕೆಟ್ ಮಾತ್ರ ಬಾಕಿ.

೧. ಹಡಗು

“ಚಪ್ಪಲಿ ಬಂದ ಹಡಗಲ್ಲೇ ನನ್ನನ್ನೂ ಕಳಿಸಿ ಮಾರಾಯ್ರೇ. ವಿಮಾನದಲ್ಲಿ ನನಗೆ ಕಿವಿ ಕಟ್ತದೆ.”

“ಅದು ಸರಕಿನ ಹಡಗು ಹಾಜಿಯವರೇ. ಮನುಷ್ಯರನ್ನು ಹತ್ತಿಸುವುದಿಲ್ಲ.”

“ಚಪ್ಪಲಿಗಿರುವ ಮರ್ಯಾದೆ ಅದನ್ನು ಮಾರುವವನಿಗಿಲ್ವಾ?”

೨. ಮುಂಬೈ

ಹಲ್ಲು ಕಚ್ಚಿಕೊಂಡು, ಮುಂಬೈಯಲ್ಲಿ ವಿಮಾನ ಬದಲಿಸಬಹುದು ಎಂದೆ. ಹೌಹಾರಿದರು.

“ಅಷ್ಟು ಹತ್ತಿರ ಬಂದು ಮನೆಗೆ ಬಾರದೆ ಹೋದ ಅಂತ ಅಕ್ಕಂದಿರು ಮಾತು ಬಿಡ್ತಾರೆ.”

“ಯಾರಿಗೂ ಹೇಳಬೇಡಿ.”

“ಎಂತ ಹೇಳುವುದು? ನಾನು ಮುಂಬೈಯಲ್ಲಿ ಕೆಮ್ಮಿದರೆ ಬಂಟ್ವಾಳದಲ್ಲಿ ಕೇಳ್ತದೆ!”

೩. ಬ್ಯಾಂಕಾಕ್

ಕೋಪ ನೆತ್ತಿಗೇರಿತು. “ಹಾಗಾದರೆ ಬ್ಯಾಂಕಾಕ್ ಮೇಲೆ ಹೋಗಿ!”

“ಮೆಲ್ಲಗೆ!” ಎಂದು ಸುತ್ತ ನೋಡಿದರು. “ಬ್ಯಾಂಕಾಕಿಗೆ ಚಪ್ಪಲಿಗಾಗಿ ಹೋದೆ ಅಂದ್ರೆ ನನ್ನ ಹೆಂಡತಿ ನಂಬ್ತಾಳಾ?”

“ಏರ್‌ಪೋರ್ಟಿನಿಂದ ಹೊರಗೇ ಕಾಲಿಡುವುದಿಲ್ಲವಲ್ಲ!”

“ಅದನ್ನು ನೀವೇ ಬಂದು ಅವಳಿಗೆ ಹೇಳಿ.”

ಕಂಪ್ಯೂಟರ್ ಎತ್ತಿ ಕುಕ್ಕುವ ಹಾಗಾಯಿತು. ಅವರನ್ನು ಕೇಳದೆ ದುಬೈ ಮೇಲಿನ ಟಿಕೆಟ್ ತೆಗೆದು ಕೈಗಿತ್ತು, “ಖಲಾಸ್!” ಎಂದೆ. ಪಾಪ, ಹೋದರು.

೪. ಭೇಟಿ

ಅವರು ವಿಮಾನ ಹತ್ತಿದ ಮರುದಿನ ಒಬ್ಬ ಚೀನೀ ಮನುಷ್ಯ ಸೂಟ್‌ಕೇಸ್ ಎಳೆದುಕೊಂಡು ನಮ್ಮ ಆಫೀಸಿಗೆ ಬಂದ. ಗುವಾಂಗ್‌ಝೌನ ಚಪ್ಪಲಿ ಕಾರ್ಖಾನೆಯ ಮಾಲೀಕನಂತೆ. ಆದ ತಪ್ಪಿಗೆ ಕ್ಷಮೆ ಕೇಳಲು ತಾನೇ ಒಮಾನಿಗೆ ಬಂದಿದ್ದಾನೆ. ಹಾಜಿಯವರ ಅಂಗಡಿಗೆ ಫೋನ್ ಮಾಡಿದರೆ, “ಅವರೆಲ್ಲಿದ್ದಾರೋ ಟಿಕೆಟ್‌ನವರನ್ನೇ ಕೇಳಿ” ಎಂದು ಇಲ್ಲಿಗೆ ಅಟ್ಟಿದ್ದಾರೆ.

ಅಷ್ಟರಲ್ಲಿ ನನ್ನ ಫೋನ್ ಹೊಡೆದುಕೊಂಡಿತು. ಗುವಾಂಗ್‌ಝೌನಿಂದ ಹಾಜಿಯವರು. “ಕಾರ್ಖಾನೆಗೆ ಬೀಗ ಮಾರಾಯ್ರೇ! ಮಾಲೀಕ ಊರು ಬಿಟ್ಟಿದ್ದಾನೆ!”

“ಅವನು ಇಲ್ಲಿ, ನನ್ನೆದುರಿಗೇ ಕೂತಿದ್ದಾನೆ!”

“ಹೌದಾ? ಹಿಡಿದಿಡಿ, ಈಗಲೇ ಹೊರಟೆ!”

ಹಾಜಿಯವರು ಗುವಾಂಗ್‌ಝೌನಲ್ಲಿದ್ದಾರೆ ಎಂದು ಇಂಗ್ಲಿಷಿನಲ್ಲಿ ಹೇಳಿದ್ದೇ ಚೀನೀಯನೂ ಎದ್ದು ಸೂಟ್‌ಕೇಸ್ ಹಿಡಿದ. “ಅವರು ಅಲ್ಲಿದ್ದಾರಾ? ನನಗೆ ಈಗಲೇ ಗುವಾಂಗ್‌ಝೌಗೆ ಟಿಕೆಟ್ ಕೊಡಿ!”

ನನ್ನ ತಲೆ ಕೆಟ್ಟಿತು. ಫೋನಿಗೆ ಕನ್ನಡದಲ್ಲಿ, ಎದುರಿನವನಿಗೆ ಇಂಗ್ಲಿಷಿನಲ್ಲಿ, ಇಡೀ ಆಫೀಸು ತಿರುಗಿ ನೋಡುವಂತೆ ಅರಚಿದೆ: “ಯಾರಾದರೂ ಒಬ್ಬರು ಇದ್ದಲ್ಲೇ ಕೂತ್ಕೊಳ್ಳಿ!”



“ಬೈಬೇಡಿ ಮಾರಾಯ್ರೇ,” ಎಂದರು ಹಾಜಿಯವರು. “ನಾನು ಕೂತೆ.”

ಎದುರಿನವನೂ ಕೂತ.