‘ದೇವರು ಕೊಟ್ಟಷ್ಟು’ ಎಂಬ ಕುರಿಸಂಖ್ಯೆಯನ್ನು ನಿಷೇಧಿಸುವ ಬಗ್ಗೆ

ಸಂಖ್ಯೆ: ಕು.ಸೇ.ವಾ./5 ತಾಲ್ಲೂಕು/ಸೊನ್ನೆ/ತಿದ್ದುಪಡಿ-4

ವಿಷಯ: ಕುರಿ ಲಸಿಕೆಯ ಗಣಕ ವ್ಯವಸ್ಥೆಯಲ್ಲಿ ಕುರಿಗಳು ತಮ್ಮ ಇಷ್ಟದಂತೆ ಬದುಕಿ ಉಳಿದಿರುವ ಕುರಿತು.

ಉಲ್ಲೇಖ:
(ಅ) ಇದೇ ಕಚೇರಿಯ ಹಿಂದಿನ ಮೂರು ಸುತ್ತೋಲೆಗಳು. ಯಾರೂ ಓದಿರುವುದಿಲ್ಲ.
(ಆ) ಗುತ್ತಿಗೆ ಸಾಫ್ಟ್‌ವೇರ್ ಆರ್ಕಿಟೆಕ್ಟ್ ಅತಾವುಲ್ಲಾ ಅವರ ಸಮಜಾಯಿಷಿ, ನಾಲ್ಕು ಪುಟ.
(ಇ) ಕುರಿಗಾರ ಯರ್ರೆಪ್ಪ ಅವರ ಮೌಖಿಕ ದೂರು. ಬರೆದುಕೊಳ್ಳುವಷ್ಟು ನಿಧಾನವಾಗಿ ಅವರು ಮಾತನಾಡಿರುವುದಿಲ್ಲ.

ಪ್ರಸ್ತಾವನೆ:

ಐದು ತಾಲ್ಲೂಕುಗಳ ಕಚೇರಿಗಳು ಇದುವರೆಗೆ ಬಾಯಿಗೆ ಬಂದಂತೆ ಫೋನಿನಲ್ಲಿ ಮಾತನಾಡಿಕೊಂಡು ಕೆಲಸ ಮುಗಿಸುತ್ತಿದ್ದುದು ಇಲಾಖೆಯ ಗಮನಕ್ಕೆ ಬಂದು, ಸರ್ವಿಸ್ ಓರಿಯೆಂಟೆಡ್ ಆರ್ಕಿಟೆಕ್ಚರ್ ಎಂಬ ಪದ್ಧತಿಯನ್ನು ಜಾರಿಗೊಳಿಸಲಾಯಿತು. ಇದರಂತೆ ಪ್ರತಿ ಕಚೇರಿಯೂ ಒಂದೊಂದು ‘ಸೇವೆ’. ಕೂಡ್ಲಿಗಿಯದು ನೋಂದಣಿ, ಕೊಟ್ಟೂರಿನದು ಲಸಿಕೆ ದಾಸ್ತಾನು, ಹಗರಿಬೊಮ್ಮನಹಳ್ಳಿಯದು ದಿನಾಂಕ, ಹಡಗಲಿಯದು ವಾಹನ, ಹರಪನಹಳ್ಳಿಯದು ಒಪ್ಪಿಗೆ. ಒಂದು ಸೇವೆ ಇನ್ನೊಂದನ್ನು ನಿಗದಿತ ನಮೂನೆಯಲ್ಲಿ ಮಾತ್ರ ಕೇಳತಕ್ಕದ್ದು. ಯಾಕೆ, ಏನು ಎಂದು ಕೆದಕತಕ್ಕದ್ದಲ್ಲ. ಹರಪನಹಳ್ಳಿಯ ಮೆಕ್ಯಾನಿಕ್ ಮನೆತನದ ಅತಾವುಲ್ಲಾ ಅವರು ಈ ನಕ್ಷೆಯನ್ನು ಎಂಟು ತಿಂಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತಯಾರಿಸಿದ್ದು, ಅದು ನೋಡಲು ಬಹಳ ಚೆನ್ನಾಗಿದೆ.

ಹೀಗಿರುವಲ್ಲಿ, ಹಂಪಸಾಗರದ ಬಳಿ ಹಿಂಡು ತರುಬಿ ಬೀಡುಬಿಟ್ಟಿದ್ದ ಯರ್ರೆಪ್ಪ ಅವರು ಸೋಮವಾರ ಕೂಡ್ಲಿಗಿಗೆ ಬಂದು ಲಸಿಕೆ ಕೋರಿರುತ್ತಾರೆ. ಕುರಿ ಎಷ್ಟು ಎಂದು ಕೇಳಲಾಗಿ ಅವರು ನೀಡಿದ ಉತ್ತರ: “ಕುರಿ ಎಣಿಸಿ ಹೇಳಬಾರದ್ರಿ, ಕಣ್ಣು ಬೀಳ್ತೈತಿ. ದೇವ್ರು ಕೊಟ್ಟಷ್ಟು ಅದಾವು ಅಂತ ಬರ್ಕೊರ್ರಿ. ಬಾಜು ಹಿಂಡಿನ್ಯಾಗ ಹಿರೇಬ್ಯಾನಿ ಬಂದೈತಿ. ಬೇಸ್ತವಾರದೊಳಗ ಸೂಜಿ ಮಾಡಸಲಿಲ್ಲಂದ್ರ ನನ್ನ ಹಿಂಡು ಉಳಿಯಂಗಿಲ್ಲ.”

ಸಂಖ್ಯೆಯ ಕಲಂನಲ್ಲಿ ದೇವರಿಗೆ ಅವಕಾಶವಿಲ್ಲದ ಕಾರಣ, ಸಿಬ್ಬಂದಿ ಕನಿಕರಪಟ್ಟು ‘0’ ಎಂದು ನಮೂದಿಸಿರುತ್ತಾರೆ.

ಅಲ್ಲಿಂದ ಮುಂದೆ ವ್ಯವಸ್ಥೆ ಎಲ್ಲಿಯೂ ತಪ್ಪಿರುವುದಿಲ್ಲ. ಕೊಟ್ಟೂರು ಸೊನ್ನೆ ಕುರಿಗೆ ಸೊನ್ನೆ ಬಾಟಲಿ ಎಂದು ಲೆಕ್ಕ ಹಾಕಿತು. ಹಗರಿಬೊಮ್ಮನಹಳ್ಳಿ ಬುಧವಾರ ಬೆಳಿಗ್ಗೆ ಎಂದಿತು. ಹಡಗಲಿ ಖಾಲಿ ಐಸ್ ಡಬ್ಬಿಯನ್ನು ಜೀಪಿನಲ್ಲಿಟ್ಟು ಹಂಪಸಾಗರಕ್ಕೆ ಕಳಿಸಿ, ಹಾಗೇ ವಾಪಸು ತರಿಸಿಕೊಂಡಿತು. ಹರಪನಹಳ್ಳಿ ಒಪ್ಪಿಗೆ ನೀಡಿತು. ಐದೂ ಹಸಿರು ದೀಪಗಳು ಒಮ್ಮೆಗೇ ಹೊತ್ತಿದ್ದನ್ನು ಕಂಡು ಅತಾವುಲ್ಲಾ ಅವರಿಗೆ ಕಣ್ಣು ತುಂಬಿ ಬಂದಿತೆಂದೂ, ಇಡೀ ಕೂಡ್ಲಿಗಿ ಕಚೇರಿಗೆ ಮಂಡಕ್ಕಿ ಮಿರ್ಚಿ ತರಿಸಿದರೆಂದೂ ಸಮಜಾಯಿಷಿಯ ಎರಡನೇ ಪುಟದಲ್ಲಿದೆ.

ಮಿರ್ಚಿ ಆರುವ ಮೊದಲೇ ಯರ್ರೆಪ್ಪ ಅವರು ಬಸ್ಸಿಳಿದು ಬಂದು, ತಮ್ಮ ಮೊಬೈಲನ್ನು ಅತಾವುಲ್ಲಾ ಅವರ ಮುಖಕ್ಕೆ ಹಿಡಿದರು. ಅದರಲ್ಲಿದ್ದುದು: ‘ನಿಮ್ಮ 0 ಕುರಿಗಳಿಗೆ ಯಶಸ್ವಿಯಾಗಿ ಲಸಿಕೆ ಹಾಕಲಾಗಿದೆ. ಸೇವೆ ತೃಪ್ತಿಕರವೇ?’ ಅತಾವುಲ್ಲಾ ಅವರು ಐದೂ ಸೇವೆಗಳನ್ನು ಒಂದೊಂದಾಗಿ ತೆರೆದರು. ತಪ್ಪು ಯಾವ ಸೇವೆಯದು ಎಂದು ಹುಡುಕಿದರು. ಯಾವುದರದೂ ಅಲ್ಲ. ನಾಳೆಯೇ ಗುರುವಾರ.

ಆಗ ಕಚೇರಿಯ ಕಸ ಗುಡಿಸುವ, ಚಹಾ ಕೊಡುವ ದಿನಗೂಲಿ ನೌಕರರಾದ ಗಾದೆಮ್ಮ ಅವರು ಯಾವ ನಮೂನೆಯನ್ನೂ ಭರ್ತಿ ಮಾಡದೆ ಕೊಟ್ಟೂರಿನ ದಾಸ್ತಾನು ಗುಮಾಸ್ತ ಓಬಳೇಶ್ ಅವರಿಗೆ ಸ್ವಂತ ಫೋನಿನಿಂದ ಕರೆ ಮಾಡಿ ಆಡಿದ ಮಾತುಗಳನ್ನು ಇಲಾಖೆ ಅತೀವ ವಿಷಾದದಿಂದ ದಾಖಲಿಸುತ್ತದೆ: “ಓಬಳೇಶಪ್ಪ, ಯರ್ರೆಪ್ಪಣ್ಣಗ ಹ್ವಾದ ವರ್ಷ ಎಷ್ಟು ಬಾಟ್ಲಿ ಕೊಟ್ಟಿದ್ದಿ? ಎರಡಾ? ಹಂಗಾರ ಅಷ್ಟ ಡಬ್ಬ್ಯಾಗ ಐಸ್ ಹಾಕಿ ಇಡು, ಅತಾವುಲ್ಲಾ ಸಾಹೇಬ್ರು ಬರ್ತಾರ. ಕುರಿ ಎಷ್ಟಂತ ಮಾತ್ರ ಕೇಳಬ್ಯಾಡಪ್ಪ, ಆ ಮನುಷ್ಯ ಮದ್ಲ ಹೆದರ್ಯಾನ.”

ಸದರಿ ಕರೆಗೆ ತಗುಲಿದ ಸಮಯ ನಲವತ್ತು ಸೆಕೆಂಡು. ಆದ್ದರಿಂದ ಈ ಕೆಳಕಂಡಂತೆ ಆದೇಶಿಸಿದೆ.

1. ‘ದೇವರು ಕೊಟ್ಟಷ್ಟು’, ‘ಅದಾವು ಬಿಡ್ರಿ’, ‘ಒಂದೀಟು’ ಇವುಗಳನ್ನು ಇನ್ನು ಮುಂದೆ ಅಂಕಿಗಳೆಂದು ಪರಿಗಣಿಸತಕ್ಕದ್ದಲ್ಲ.

2. ಹಡಗಲಿಯ ವಾಹನ ಸೇವೆಯ ಸುಮಲತಾ ಅವರೂ ಕೊಟ್ಟೂರಿನ ಓಬಳೇಶ್ ಅವರೂ ಗಂಡಹೆಂಡಿರಾಗಿದ್ದು, ಮಂಗಳವಾರ ಊಟಕ್ಕೆ ಕೂತಾಗ ಮರುದಿನ ಹೊರಡಲಿದ್ದ ಖಾಲಿ ಡಬ್ಬಿಯ ವಿಷಯ ಒಬ್ಬರು ಬಾಯಿಬಿಟ್ಟಿದ್ದರೂ ಎಲ್ಲವೂ ತಿಳಿದುಹೋಗುತ್ತಿತ್ತು. ನಿಯಮಕ್ಕೆ ಗೌರವ ಕೊಟ್ಟು ಇಬ್ಬರೂ ತುಟಿ ಪಿಟಕ್ಕೆನ್ನದೆ ಉಂಡೆದ್ದಿದ್ದಾರೆ. ಇಲಾಖೆ ಈ ದಂಪತಿಯನ್ನು ಅಭಿನಂದಿಸುತ್ತದೆ. ಇನ್ನು ಮುಂದೆ ಸಾರಿಗೆ ಉಪ್ಪು ಸಾಲದೆಂಬುದನ್ನೂ ನಮೂನೆ-7ರಲ್ಲಿಯೇ ಸಲ್ಲಿಸತಕ್ಕದ್ದು. ಉತ್ತರ ಬರುವವರೆಗೆ ಉಣ್ಣತಕ್ಕದ್ದಲ್ಲ.

3. ಮುಂಗಾಲು ಹಡಗಲಿಯಲ್ಲಿ, ಹಿಂಗಾಲು ಹಗರಿಬೊಮ್ಮನಹಳ್ಳಿಯಲ್ಲಿ ಇಟ್ಟು ನಿಂತ ಕುರಿಯನ್ನು ಬಾಲ ಎತ್ತ ಬೀಸುವುದೋ ಆ ತಾಲ್ಲೂಕಿಗೆ ಸೇರಿಸತಕ್ಕದ್ದು. ಬಾಲ ಬೀಸದಿದ್ದಲ್ಲಿ ಕಡತವನ್ನು ಬಾಕಿ ಇಡತಕ್ಕದ್ದು.

4. ಅರ್ಜಿ ಚಾಲ್ತಿಯಲ್ಲಿರುವಾಗ ಯಾವ ಕುರಿಯೂ ಈಯತಕ್ಕದ್ದಲ್ಲ. ಅನಿವಾರ್ಯವಾದಲ್ಲಿ ಮರಿಯನ್ನು ತಾಯಿಯ ಪರಿಷ್ಕೃತ ಆವೃತ್ತಿ ಎಂದು ನಮೂದಿಸತಕ್ಕದ್ದು.

5. ಹಿರೇಬೇನೆಯು ಸರತಿಯಲ್ಲಿ ಬರತಕ್ಕದ್ದು. ಸರ್ವರ್ ಕೈಕೊಟ್ಟಾಗ ರೋಗವು ಮೂರು ಬಾರಿ ಪ್ರಯತ್ನಿಸಿ, ನಂತರ ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.

6. ಗಾದೆಮ್ಮ ಅವರು ನಕ್ಷೆಯಲ್ಲಿ ಎಲ್ಲಿಯೂ ಇರುವುದಿಲ್ಲ. ನಕ್ಷೆಯಲ್ಲಿ ಇಲ್ಲದವರಿಂದ ಕೆಲಸ ಆಗತಕ್ಕದ್ದಲ್ಲ. ಆಗಿಹೋಗಿದ್ದಲ್ಲಿ ಅದನ್ನು ಆಗಿಲ್ಲವೆಂದೇ ತಿಳಿಯತಕ್ಕದ್ದು.

7. ದಾಖಲೆಯ ಪ್ರಕಾರ ಯರ್ರೆಪ್ಪ ಅವರ ಬಳಿ ಕುರಿಗಳಿಲ್ಲ. ಆದರೂ ಹಂಪಸಾಗರದ ಹೊಳೆಯಂಚಿನಲ್ಲಿ ಕುರಿಗಳು ಮೇಯುತ್ತಿದ್ದು, ಅವು ಯಾವ ಆಧಾರದ ಮೇಲೆ ಇವೆ ಎಂಬುದಕ್ಕೆ ಏಳು ದಿನದೊಳಗೆ ಕಾರಣ ಕೇಳಿ ನೋಟಿಸ್ ನೀಡಲಾಗಿದೆ. ಅದನ್ನು ಓದಿಸಿ ಕೇಳಿದ ಯರ್ರೆಪ್ಪ ಅವರು ಬಹಳ ಹೊತ್ತು ನಕ್ಕರೆಂದು ವರದಿಯಾಗಿದೆ. ನಗುವನ್ನು ಉತ್ತರವೆಂದು ಸ್ವೀಕರಿಸಲು ಅವಕಾಶವಿಲ್ಲ.

8. ಕಡೆಯದಾಗಿ, ಅತಾವುಲ್ಲಾ ಅವರ ನಡತೆ. ಬುಧವಾರ ಸಂಜೆ ಅವರು ಯರ್ರೆಪ್ಪ ಅವರನ್ನು ತಮ್ಮ ಬೈಕಿನ ಹಿಂದೆ ಕೂರಿಸಿಕೊಂಡು, ಕೊಟ್ಟೂರಿನಲ್ಲಿ ಡಬ್ಬಿ ಪಡೆದು, ತಾವೇ ಕಟ್ಟಿದ ವ್ಯವಸ್ಥೆಯ ಐದೂ ಸೇವೆಗಳನ್ನು ದಾಟಿ ಹಂಪಸಾಗರಕ್ಕೆ ಹೋಗಿರುತ್ತಾರೆ. ಗುರುವಾರ ಬೆಳಿಗ್ಗೆ ಲಸಿಕೆ ಹಾಕಲು ಬಂದ ಪಶುವೈದ್ಯ ಅರುಣ್ ಕುಮಾರ್ ಅವರಿಗೆ ಒಂದೊಂದೇ ಕುರಿಯನ್ನು ತಬ್ಬಿ ಹಿಡಿದುಕೊಟ್ಟಿದ್ದಾರೆ. ಒಂದು ಟಗರು ಅವರ ಮೊಣಕಾಲಿಗೆ ಹಾಯ್ದಿದ್ದು, ಅದು ನಮೂನೆ ಇಲ್ಲದೆಯೇ ಹಾಯ್ದಿರುತ್ತದೆ. ಎಂಟು ತಿಂಗಳಲ್ಲಿ ತಾವು ಒಂದು ಕುರಿಯನ್ನೂ ಮುಟ್ಟಿ ನೋಡಿರಲಿಲ್ಲವೆಂದು ನೆನೆದು ಅಲ್ಲಿಯೇ ನಾಚಿಕೆಯಾಯಿತೆಂದು ನಾಲ್ಕನೇ ಪುಟದಲ್ಲಿ ಬರೆದಿದ್ದಾರೆ. ಸಮಜಾಯಿಷಿಗೆ ನಾಚಿಕೆಯ ಅಗತ್ಯವಿರಲಿಲ್ಲ.

ಗುತ್ತಿಗೆ ಮುಂದುವರಿಯಬೇಕಾದರೆ ಒಂದೇ ಒಂದು ಅಂಕಿ ಸಾಕು ಎಂದು ಇಲಾಖೆ ಅವರಿಗೆ ಔದಾರ್ಯದಿಂದ ತಿಳಿಸಿತ್ತು. ಹದಿನೈದು ದಿನ ಕಳೆದ ಮೇಲೆ ಅವರನ್ನು ಕರೆಸಿ, ಹಿಡಿದ ಕುರಿ ಎಷ್ಟು ಎಂದು ಕೇಳಲಾಯಿತು. ಯರ್ರೆಪ್ಪ ಅವರೂ ಬಾಗಿಲಲ್ಲಿ ನಿಂತಿದ್ದರು. ಅತಾವುಲ್ಲಾ ಅವರು ಒಮ್ಮೆ ಅತ್ತ ನೋಡಿ ಹೇಳಿದ್ದನ್ನು ಯಥಾವತ್ತು ದಾಖಲಿಸಿದೆ:

“ಎಣಿಸಿಲ್ರಿ. ಒಂದೂ ಸತ್ತಿಲ್ಲ.”

ಸಹಿ/-
(ಹೆಸರು ಓದಲಾಗುತ್ತಿಲ್ಲ)
ಪ್ರಭಾರ ಅಧಿಕಾರಿ, ಪ್ರಭಾರ ಅಧಿಕಾರಿಗಳ ಪರವಾಗಿ

ಪ್ರತಿಗಳು:
1. ಐದೂ ಸೇವೆಗಳಿಗೆ. ಒಬ್ಬರಿಗೆ ಬಂದದ್ದು ಇನ್ನೊಬ್ಬರಿಗೆ ತಿಳಿಯದಂತೆ.
2. ಗಾದೆಮ್ಮ ಅವರಿಗೆ. ಸರ್ವರ್ ಕೆಟ್ಟಿರುವುದರಿಂದ ಮೇಲಿನ ಐವರಿಗೂ ಫೋನಿನಲ್ಲಿ ತಿಳಿಸುವ ಕೋರಿಕೆಯೊಂದಿಗೆ.
3. ಅತಾವುಲ್ಲಾ ಅವರಿಗೆ, ಮನೆಯ ವಿಳಾಸಕ್ಕೆ.
4. ಯರ್ರೆಪ್ಪ ಅವರಿಗೆ, ಹಿಂಡು ತರುಬಿದಲ್ಲಿಗೆ. ಮುಂದೆ ಹೋಗಿದ್ದರೆ, ಹೋದಲ್ಲಿಗೆ.