ಇಂಜಿನ್ನಿಗೆ ಕಿವಿಯಿಟ್ಟ ಕಂತು

ಎಲ್ಲರೂ ಮೆಚ್ಚಿದ್ದನ್ನು ಮೆಚ್ಚುವುದಕ್ಕೆ ಧೈರ್ಯ ಬೇಕಾಗಿಲ್ಲ, ಸುಮ್ಮನೆ ತಲೆಯಾಡಿಸಿದರೆ ಸಾಕು. ನಾನು ಹಾಗೆ ತಲೆಯಾಡಿಸುವವನಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ರವಿವಾರ ಬೆಳಿಗ್ಗೆ ಟಿವಿಯಲ್ಲಿ ಆಕಾಶನೌಕೆಯ ಧಾರಾವಾಹಿಯೊಂದು ಬರುತ್ತಿತ್ತು. ಬೋರಗಾಂವದ ನಮ್ಮ ಓಣಿಯವರೆಲ್ಲ ಅದರ ಯುದ್ಧದ ಕಂತುಗಳನ್ನು, ಹಸಿರು ಮುಖದ ರಾಕ್ಷಸರ ಕಂತುಗಳನ್ನು ಬಾಯ್ತುಂಬ ಹೊಗಳುತ್ತಿದ್ದರು. ನನಗೆ ಮಾತ್ರ ಯಾರೂ ಕ್ಯಾರೇ ಎನ್ನದ ಒಂದು ಕಂತೇ ಪ್ರಾಣ. ಅದರ ಮುಂದೆ ಉಳಿದವೆಲ್ಲ ನೀರು ಮಜ್ಜಿಗೆ. ಬೇಕಾದರೆ ಜಗಳಕ್ಕೆ ಬನ್ನಿ.

ಆ ಕಂತಿನಲ್ಲಿ ಯಾರೂ ಗುಂಡು ಹಾರಿಸುವುದಿಲ್ಲ. ನೌಕೆ ನಡು ಆಕಾಶದಲ್ಲಿ ನಿಂತುಬಿಡುತ್ತದೆ. ಇಂಜಿನ್ ಗುರುಗುಟ್ಟುತ್ತದೆ, ನೌಕೆ ಕದಲುವುದಿಲ್ಲ. ಕ್ಯಾಪ್ಟನ್ ಗುಂಡಿ ಒತ್ತಿ ಒತ್ತಿ ಸುಸ್ತಾಗುತ್ತಾನೆ. ಆಗ ಮುದುಕ ಇಂಜಿನಿಯರ್ ಒಬ್ಬ ಎಲ್ಲರನ್ನೂ ಸುಮ್ಮನಿರಿಸಿ, ಇಂಜಿನ್ನಿಗೆ ಕಿವಿಯಿಟ್ಟು ಕೇಳಿ, ಒಂದೇ ಒಂದು ನಟ್ಟು ಬಿಗಿಮಾಡುತ್ತಾನೆ. ನೌಕೆ ಹೊರಡುತ್ತದೆ. ಅಷ್ಟೇ. ಕಿವಿಯಿಟ್ಟು ಕೇಳುವ ಆ ಮುದುಕನ ಮುಖ ಇಂದಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ.

ಪಕ್ಕದ ಮನೆಯ ಅಣ್ಣಾಸಾಬ ನಾಲ್ಕು ಪವರ್‌ಲೂಮ್‌ಗಳ ಮಾಲಕ. ಅವನ ಮಗ್ಗಗಳು ನಡೆದರೆ ನಮ್ಮ ಗೋಡೆಯೂ ಟಿವಿಯೂ ಕೂಡಿಯೇ ನಡುಗುತ್ತಿದ್ದವು. ಆ ಕಂತು ಬಂದ ದಿನ ನಮ್ಮ ಟಿವಿಯ ಮುಂದೆ ಕೂತಿದ್ದು ಶುರುವಿನಲ್ಲೇ ಆಕಳಿಸಿ ಎದ್ದುಹೋದವನು, ಆಮೇಲೆ ಕಟ್ಟೆಯ ಮೇಲೆ ಕೂತು ನನ್ನನ್ನು ಆಡಿಕೊಳ್ಳುತ್ತಿದ್ದ. “ಮಾಸ್ತರ, ಒಂದ ನಟ್ಟ ಬಿಗಿಮಾಡೂದ ನೋಡಾಕ ಟಿವಿ ಯಾಕ ಬೇಕ್ರಿ? ನಮ್ಮ ದಸ್ತಗೀರ ಚಾಚಾ ದಿನಾ ಹತ್ತ ಬಿಗಿಮಾಡ್ತಾರ.” ಚಾಚಾ ಎಂದರೆ ಅವನ ಮಗ್ಗ ರಿಪೇರಿ ಮಾಡುವ ಹಿರಿಯರು, ಸದ್ದು ಕೇಳಿಯೇ ರೋಗ ಹೇಳುವವರು. “ಅದಕ್ಕೇ ನೋಡಬೇಕು!” ಎಂದು ನಾನು ಕೂಗುತ್ತಿದ್ದೆ.

ಒಂದು ದಿನ ಅವನು ಹಟಕ್ಕೆ ಬಿದ್ದ. “ಆ ಕಂತ ಮತ್ತ ಬರ್ಲಿ. ನೀವ ಹೇಳಿದಂಗ ಇದ್ರ ಎಲ್ಲಾರ ಮುಂದ ನಾ ‘ತಪ್ಪಾತು’ ಅಂತೇನಿ. ಇಲ್ಲಂದ್ರ ನೀವ ಅನ್ನಬೇಕ್ರಿ.” ಪಾಠದಲ್ಲಿಲ್ಲದ್ದನ್ನು ಬರೆದರೆ ಸೊನ್ನೆ ಹಾಕುವ ಮಾಸ್ತರನೆಂದು ಹೆಸರಾದವನು ನಾನು. ನನ್ನ ಮಾತಿನ ಬೆಲೆಯೇ ಪಣಕ್ಕೆ ಬಿತ್ತು. ಆಗಲಿ ಎಂದೆ.

ಕೆಲವು ವರ್ಷಗಳ ಮೇಲೆ ಓಣಿಗೆ ಕೇಬಲ್ ಬಂತು, ಧಾರಾವಾಹಿ ಮರುಪ್ರಸಾರವಾಯಿತು. ಆ ಕಂತಿನ ದಿನ ಅಣ್ಣಾಸಾಬ ಮಗ್ಗ ಬಂದ್ ಮಾಡಿ ಚಾಚಾರನ್ನೂ ಓಣಿಯವರನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದ. ನೌಕೆ ನಿಂತಿತು. ಕ್ಯಾಪ್ಟನ್ ಗುಂಡಿ ಒತ್ತಿದ. “ಈಗ ನೋಡ್ರಿ!” ಎಂದು ನಾನು ತೊಡೆ ತಟ್ಟಿದೆ. ಬಾಗಿಲು ತೆರೆಯಿತು. ಒಳಗೆ ಬಂದದ್ದು ಹಸಿರು ಮುಖದ ರಾಕ್ಷಸ! ಕ್ಯಾಪ್ಟನ್ ಅವನನ್ನು ಸುಟ್ಟುಹಾಕಿದ, ನೌಕೆ ಹೊರಟಿತು. ಮುದುಕ ಇಂಜಿನಿಯರ್ ಮೂಲೆಯಲ್ಲಿ ನಿಂತು ತಲೆಯಾಡಿಸಿದ.

“ಕಂತು ಬದಲಾಯಿಸಿದ್ದಾರೆ!” ಎಂದು ಅರಚಿದೆ. ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಒಳಗಿನಿಂದಲೇ ಹೇಳಿದಳು: “ಅಲ್ರೀ, ಅವತ್ತ ಅರ್ಧಕ್ಕ ಕರೆಂಟ ಹೋಗಿತ್ತಲ್ಲ? ಮಗ್ಗ ನಿಂತ್ವು ಅಂತ ಚಾಚಾ ಬಂದ ಕುಂತಿದ್ರು. ಮುಂದಿನ ಕತಿ ಅವರ ಹೇಳಿದ್ರು.”

ಥಟ್ಟನೆ ನೆನಪಾಯಿತು. ಮಗ್ಗಗಳೆಲ್ಲ ನಿಂತು ಊರೇ ಗಪ್ಪಾಗಿತ್ತು. ಮುಂದೇನಾದೀತೆಂದು ನಾನೇ ಕೇಳಿದ್ದೆ. ಚಾಚಾ ಗೋಡೆಗೆ ಕಿವಿಯಿಟ್ಟು ತೋರಿಸಿದ್ದರು. ಇಷ್ಟು ವರ್ಷ ನನ್ನ ಕಣ್ಣಿಗೆ ಕಟ್ಟಿದ್ದು ಅವರ ಮುಖ. ಎಲ್ಲರಿಗೂ ಹೇಳುತ್ತ ಹೇಳುತ್ತ, ಅವರು ಹೇಳಿದ್ದೇ ನಾನು ಟಿವಿಯಲ್ಲಿ ನೋಡಿದ್ದಾಗಿಬಿಟ್ಟಿತ್ತು.

ಚಾಚಾ ಟಿವಿಯನ್ನೇ ನೋಡುತ್ತಿದ್ದರು. “ಇದೇನ್ರಿ ಮಾಸ್ತರ? ರಾಕ್ಷಸನ್ನ ಸುಟ್ರ ಇಂಜಿನ್ ಹೆಂಗ ರಿಪೇರಿ ಆಗತೈತಿ?”

ನಾನು ಎದ್ದು ನಿಂತು, ಓಣಿಯವರೆದುರು ಕೈಮುಗಿದು, “ತಪ್ಪಾಗಿದೆ” ಎಂದೆ. ತಪ್ಪು ನನ್ನದೋ ಟಿವಿಯವರದೋ ಹೇಳಲಿಲ್ಲ. ಮರುದಿನ ತಿದ್ದುತ್ತಿದ್ದ ಉತ್ತರಪತ್ರಿಕೆಯೊಂದರಲ್ಲಿ ಪಾಠದಲ್ಲೆಲ್ಲೂ ಇಲ್ಲದ, ಪಾಠಕ್ಕಿಂತ ಚೆಂದದ ಉತ್ತರವೊಂದು ಸಿಕ್ಕಿತು. ಕೆಂಪು ಪೆನ್ನು ರೂಢಿಯಂತೆ ಸೊನ್ನೆ ಸುತ್ತಿಯೇಬಿಟ್ಟಿತು. ಆ ಸೊನ್ನೆಯ ಎಡಕ್ಕೆ ಒಂದು ಎಂದು ಬರೆದು, ಹತ್ತು ಮಾಡಿದೆ.